ತೋಟದ ಮನೆಯ ಅಂಗಳ: ನಾಯಿಮರಿ, ಬೆಕ್ಕು ಇದ್ದರೆ ಯಾವ ಗಿಡ ಮೊದಲು ತೆಗೆಸಬೇಕು?

ಅಂಗಳದ_ಗಿಡ (ಮೂಡಿಗೆರೆ ಕಡೆ) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾಫಿ ತೋಟದೊಳಗಿನ ಮನೆ. ನಾಲ್ಕು ತಿಂಗಳ ಲ್ಯಾಬ್ರಡಾರ್ ಮರಿ ಇದೆ, ತೂಕ 12 ಕೆ.ಜಿ. ಜೊತೆಗೆ ಎರಡು ವರ್ಷದ ಬೆಕ್ಕು, ಒಳಗೂ ಹೊರಗೂ ಓಡಾಡುತ್ತೆ. ಮರಿಗೆ ಹಲ್ಲು ಬರೋ ಕಾಲ, ಸಿಕ್ಕಿದ್ದೆಲ್ಲ ಬಾಯಿಗೆ ಹೋಗ್ತಿದೆ.

ಅಂಗಳದಲ್ಲಿರೋದು ಇಷ್ಟು: ಬೇಲಿ ಸಾಲಿಗೆ ಕೆಂಪು ಕಣಗಿಲೆ, ಗೇಟಿನ ಎರಡೂ ಕಡೆ ಸೈಕಸ್, ಮೂಲೆಯಲ್ಲಿ ನೇರಳೆಯಾಗಿ ಅರಳಿ ಬಿಳಿಗೆ ತಿರುಗೋ ಹೂವಿನ ಪೊದೆ, ಹೈಡ್ರೇಂಜಿಯಾ, ಪಾಯಿನ್‌ಸೆಟಿಯಾ. ನೆರಳುಮನೆಯಲ್ಲಿ ಆಂಥೂರಿಯಂ ಕುಂಡಗಳು, ವರಾಂಡದಲ್ಲಿ ಮನಿಪ್ಲಾಂಟ್, ಡೀಫೆನ್‌ಬಾಕಿಯಾ. ಮಳೆಗಾಲ ಬಂದ್ರೆ ಬೇಲಿ ಮೇಲೆ ಗೌರಿ ಹೂವಿನ ಬಳ್ಳಿ ತಾನಾಗೇ ಹಬ್ಬುತ್ತೆ.

ಇಂಟರ್ನೆಟ್ಟಿನಲ್ಲಿ ಯಾವ ಪಟ್ಟಿ ನೋಡಿದ್ರೂ ಎಲ್ಲವೂ 'ವಿಷ' ಅಂತಲೇ ಇದೆ. ಎಲ್ಲ ಕಿತ್ತು ಹಾಕಿದ್ರೆ ಅಂಗಳ ಬೋಳು. ಇದರಲ್ಲಿ ನಿಜಕ್ಕೂ ಪ್ರಾಣ ತೆಗೆಯೋದು ಯಾವುದು, ಬರೀ ಬಾಯಿ ಉರಿಸೋದು ಯಾವುದು? ಆಕಸ್ಮಾತ್ ತಿಂದೇಬಿಟ್ರೆ ಮೊದಲು ಏನು ಮಾಡಬೇಕು? ಹತ್ತಿರದ ಡಾಕ್ಟರ್ ಬಳಿ ಹೋಗೋಕೇ ಮುಕ್ಕಾಲು ಗಂಟೆ ಬೇಕು.

ನರ್ಸರಿ_ಬೇಲೂರು

ಆ ಪಟ್ಟಿಗಳ ತೊಂದರೆಯೇ ಅದು. ಒಂದು ಎಲೆ ಕಚ್ಚಿ ಜೊಲ್ಲು ಸುರಿಸಿ ಸುಮ್ಮನಾಗುವ ಗಿಡವನ್ನೂ, ಎರಡು ಬೀಜಕ್ಕೆ ಜೀವ ತೆಗೆಯುವ ಗಿಡವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತವೆ. ನೀವು ಹೇಳಿದವುಗಳಲ್ಲಿ ನಾಲ್ಕಕ್ಕೆ ಈ ವಾರವೇ ಕೈ ಹಾಕಿ: ಸೈಕಸ್, ಕಣಗಿಲೆ, ಆ ಬಣ್ಣ ಬದಲಿಸುವ ಪೊದೆ, ಗೌರಿ ಹೂ. ಉಳಿದವು ನಿಧಾನಕ್ಕೆ ಆಗಲಿ.

ಸೈಕಸ್ ಮೊದಲು. ತಾಳೆ ಜಾತಿಯಂತೆ ಕಂಡರೂ ಅದು ತಾಳೆಯಲ್ಲ. ಹೆಣ್ಣು ಗಿಡವಾದರೆ ನೆತ್ತಿಯಲ್ಲಿ ಉಣ್ಣೆಯಂಥ ಕಂದು ಎಸಳುಗಳ ನಡುವೆ ಕಿತ್ತಳೆ-ಕೆಂಪು ಬೀಜಗಳು ಕೂತಿರುತ್ತವೆ, ಸುಲಿದ ಅಡಿಕೆಗಿಂತ ತುಸು ದೊಡ್ಡವು. ಬಲಿತು ಕೆಳಗುರುಳಿದರೆ ನಾಯಿಮರಿಗೆ ಅದು ಆಟದ ಚೆಂಡು. ಒಂದೆರಡು ಬೀಜವೇ ಸಾಕು ಪ್ರಾಣಕ್ಕೆ. ಎಲೆ, ಕಾಂಡ, ಬೇರಿನಲ್ಲೂ ವಿಷವಿದೆ. ಬೀಜದಲ್ಲಿ ಅತಿ ಹೆಚ್ಚು. ಸೈಕಸಿನ್ ಎಂಬ ಅಂಶ ಕರುಳಿನಲ್ಲಿ ಒಡೆದು ಪಿತ್ತಜನಕಾಂಗವನ್ನು ಕೊಲ್ಲುತ್ತದೆ. ಮೊದಲ ದಿನ ವಾಂತಿ, ಮಂಕು. ಎರಡು ಮೂರು ದಿನಕ್ಕೆ ಒಸಡು, ಕಣ್ಣಿನ ಬಿಳಿಭಾಗ ಹಳದಿ. ಹಳದಿ ಕಾಣುವ ಹೊತ್ತಿಗೆ ತುಂಬ ತಡವಾಗಿರುತ್ತದೆ. 'ಮರಿ ದೊಡ್ಡದಾಗಲಿ, ಆಮೇಲೆ ಮತ್ತೆ ಇಡೋಣ' ಎಂಬ ಯೋಚನೆಯೂ ಬೇಡ. ಕೊಟ್ಟುಬಿಡಿ, ಆದರೆ ನಾಯಿ ಇಲ್ಲದ ಮನೆಗೆ ಕೊಡಿ.

ಕಣಗಿಲೆಯ ವಿಷಯದಲ್ಲಿ ಜನ ತಪ್ಪುವುದು ಒಂದೇ ಕಡೆ. ನಿಂತ ಗಿಡದ ಹಸಿ ಎಲೆ ಕಹಿ, ಪ್ರಾಣಿಗಳು ಸಾಮಾನ್ಯವಾಗಿ ಮೂಸಿ ಬಿಡುತ್ತವೆ. ಅಪಾಯ ಇರುವುದು ಸವರಿ ಬಿಸಾಡಿದ ಕೊಂಬೆಯಲ್ಲಿ. ಒಣಗಿದರೆ ಕಹಿ ತಗ್ಗುತ್ತದೆ, ವಿಷ ತಗ್ಗುವುದಿಲ್ಲ. ನೇರವಾದ, ಹೆಬ್ಬೆರಳು ದಪ್ಪದ ಒಣ ಕೋಲು ಹಲ್ಲು ಬರುವ ಮರಿಗೆ ಹೇಳಿ ಮಾಡಿಸಿದಂತಿರುತ್ತದೆ. ದನಕರು ಇದ್ದರೆ ಅವಕ್ಕೂ ಇದೇ ಕಥೆ: ದೊಡ್ಡ ಹಸುವಿಗೇ 10–20 ಎಲೆ ಮಾರಕ. ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಹಳದಿ ಕಣಗಿಲೆಯೂ ಅಷ್ಟೇ, ಅದರ ಕಾಯಿಯೊಳಗಿನ ಬೀಜ ಇನ್ನೂ ಕೆಟ್ಟದ್ದು.

ತೆಗೆಸುವಾಗ ಕೈಗವಸು, ತುಂಬುತೋಳಿನ ಅಂಗಿ ಇರಲಿ. ಸುಡಬೇಡಿ, ಹೊಗೆಯೂ ವಿಷ. ಬಚ್ಚಲೊಲೆಗೆ ಹಾಕಬಾರದು. ತಿಪ್ಪೆಗೂ ಬೇಡ. ದನ, ನಾಯಿ ಹೋಗದ ಕಡೆ ಎರಡಡಿ ಗುಂಡಿ ತೋಡಿ ಹೂಳಿಸಿ. ಉದುರಿದ ಎಲೆಯನ್ನು ಅದೇ ದಿನ ಗುಡಿಸಿ. ಕೆಲಸದವರು ಸಂಜೆ ಹೊರಡುವ ಮುನ್ನ ನೀವೇ ಒಂದು ಸುತ್ತು ಹೋಗಿ ನೋಡಿ.

ನೀವು ಹೆಸರು ಹೇಳದ ಆ ಪೊದೆ ಬ್ರುನ್ಫೆಲ್ಸಿಯಾ. ಮೊದಲ ದಿನ ಗಾಢ ನೇರಳೆ, ಮರುದಿನ ತಿಳಿ ನೇರಳೆ, ಆಮೇಲೆ ಬಿಳಿ. ಒಂದೇ ಗಿಡದಲ್ಲಿ ಮೂರೂ ಬಣ್ಣ, ಒಳ್ಳೆ ಪರಿಮಳ. ನಮ್ಮ ಕಡೆ ಹಳೇ ಬಂಗಲೆಗಳ ಅಂಗಳದಲ್ಲಿ ಬೇಕಾದಷ್ಟಿದೆ, ನಾಯಿಗೆ ಇಷ್ಟು ಅಪಾಯ ಅನ್ನೋದು ಗೊತ್ತಿರುವವರು ಕಡಿಮೆ. ಎಲ್ಲ ಭಾಗವೂ ವಿಷ, ಕಾಯಿ-ಬೀಜ ಹೆಚ್ಚು, ಮತ್ತು ನಾಯಿಗಳು ಆ ಕಾಯಿಯನ್ನು ಇಷ್ಟಪಟ್ಟು ತಿನ್ನುತ್ತವೆ. ಮೈ ಸೆಟೆದು, ನಡುಗಿ, ಫಿಟ್ಸ್ ಬರುತ್ತದೆ; ಕಾಸರಕದ ಬೀಜದ ವಿಷ ಏರಿದಂತೆಯೇ ಕಾಣುತ್ತದೆ. ತೆಗೆಸಿ. ಮನಸ್ಸು ಬರದಿದ್ದರೆ ಸುತ್ತ ಮೂರಡಿ ಮೆಶ್ ಹಾಕಿಸಿ, ಹೂ ಬಾಡಿದ ಕೂಡಲೇ ಕಾಯಿ ಕಟ್ಟುವ ಮುನ್ನ ಕತ್ತರಿಸುತ್ತಿರಿ.

ಗೌರಿ ಹೂವಿನ ನಂಜು ಗೆಡ್ಡೆಯಲ್ಲಿ. ನೋಡಲು ಗೆಣಸಿನಂತೆ, ಎರಡು ಕವಲಾಗಿ ಇಂಗ್ಲಿಷಿನ 'ವಿ' ಅಕ್ಷರದ ಹಾಗೆ. ಮರಿ ಮಣ್ಣು ಕೆದಕುವ ಜಾತಿ, ಆದ್ದರಿಂದ ಗೆಡ್ಡೆಯನ್ನೇ ಅಗೆದು ತೆಗೆಯಬೇಕು. ಸುಲಭವಾಗಿ ಮುರಿಯುತ್ತದೆ, ತುಂಡು ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರು. ಒಂದಡಿ ದೂರದಿಂದ ಗುದ್ದಲಿ ಹಾಕಿ ಮಣ್ಣುಹೆಂಟೆ ಸಮೇತ ಎತ್ತಿ. ಹಬ್ಬಕ್ಕೆ ಹೂ ಬೇಕೆಂದಿದ್ದರೆ ಬೇಲಿಯಾಚೆ ನೆಡಿ.

ಹೈಡ್ರೇಂಜಿಯಾ ಎಲೆ, ಮೊಗ್ಗು ಹೆಚ್ಚು ತಿಂದರೆ ವಾಂತಿ-ಭೇದಿ. ಪಾಯಿನ್‌ಸೆಟಿಯಾಗೆ ಅದರ ಯೋಗ್ಯತೆಗಿಂತ ಕೆಟ್ಟ ಹೆಸರು. ಹಾಲು ತಾಗಿ ಬಾಯಿ ಉರಿಯಬಹುದು, ಅಷ್ಟೇ. ಇಬ್ಬರನ್ನೂ ಬಿಟ್ಟುಬಿಡಿ.

ಆಂಥೂರಿಯಂ, ಮನಿಪ್ಲಾಂಟ್, ಡೀಫೆನ್‌ಬಾಕಿಯಾ ಮೂರೂ ನಮ್ಮ ಕೆಸುವಿನ ನೆಂಟರು. ಹಸಿ ಕೆಸು ಮುಟ್ಟಿದರೆ ಕೈ ತುರಿಸುವುದು, ಪತ್ರೊಡೆಗೆ ಹುಳಿ ಹಾಕದಿದ್ದರೆ ಗಂಟಲು ಕೆರೆಯುವುದು ಯಾಕೋ, ಇಲ್ಲೂ ಅದೇ: ಎಲೆಯೊಳಗಿನ ಸೂಜಿಯಂಥ ಆಕ್ಸಲೇಟ್ ಹರಳು. ಕಚ್ಚಿದ ತಕ್ಷಣ ಜೊಲ್ಲು, ಮುಂಗಾಲಲ್ಲಿ ಬಾಯಿ ಉಜ್ಜಿಕೊಳ್ಳುವುದು. ಎರಡನೇ ಸಲ ಆ ಕಡೆ ಹೋಗುವುದು ಕಡಿಮೆ.

ಒಳಕಲ್ಲು_ಸಕಲೇಶಪುರ

ಮೇಲಿನ ಉತ್ತರಕ್ಕೆ ಒಂದು ಸೇರಿಸ್ತೀನಿ: ದೇವರ ಹೂ. ಕಣಗಿಲೆ, ಎಕ್ಕ, ಶಿವನಿಗೆ ಏರಿಸೋ ಉಮ್ಮತ್ತಿ ಹೂ-ಕಾಯಿ, ಎಲ್ಲವೂ ಮಾರನೇ ದಿನ ನಿರ್ಮಾಲ್ಯವಾಗಿ ತುಳಸಿಕಟ್ಟೆ ಬುಡಕ್ಕೋ ಬಾಳೆ ಬುಡಕ್ಕೋ ಹೋಗುತ್ತೆ. ಅಂಗಳದಲ್ಲಿ ಗಿಡವೇ ಇಲ್ಲದ ಮನೆಯಲ್ಲೂ ನಾಯಿ ಬಾಯಿಗೆ ಸಿಗೋದು ಹೀಗೆ. ಮುಚ್ಚಳ ಇರೋ ಬಕೆಟ್ಟಿಗೆ ಹಾಕಿಟ್ಟು ಗುಂಡಿಗೆ ಸುರಿಯಿರಿ. ಹೂ ಹಾಕಿಟ್ಟ ನೀರನ್ನೂ ನೆಲಕ್ಕೆ ಚೆಲ್ಲಿ ಹಾಗೇ ಬಿಡಬೇಡಿ, ಕಣಗಿಲೆ ನೆನೆದ ನೀರೂ ನಂಜು.

ರೊಬಸ್ಟಾ_ಆಲೂರು

ಗಿಡ ನೋಡ್ತಾ ನೋಡ್ತಾ ಗೊಬ್ಬರದ ಮೂಟೆ ಮರೀಬೇಡಿ. ತೋಟದ ಮನೆ ನಾಯಿಗಳಿಗೆ ನನ್ನ ಪ್ರಕಾರ ದೊಡ್ಡ ಅಪಾಯ ಹರಳು ಹಿಂಡಿ.

ಹರಳೆಣ್ಣೆ ತೆಗೆದ ಮೇಲೆ ಉಳಿಯೋ ಹಿಂಡಿಯಲ್ಲಿ ರಿಸಿನ್ ಅನ್ನೋ ವಿಷ ಉಳಿದಿರುತ್ತೆ. ಎಣ್ಣೆಗೆ ಬರಲ್ಲ, ಹಿಂಡಿಯಲ್ಲೇ ಕೂರುತ್ತೆ. ಚೆನ್ನಾಗಿ ಬಿಸಿ ತಾಗಿಸಿದ ಹಿಂಡಿಯಲ್ಲಿ ಕಡಿಮೆ ಆಗಿರುತ್ತೆ, ಆದ್ರೆ ಮೂಟೆ ನೋಡಿ ಅದನ್ನು ಹೇಳೋಕಾಗಲ್ಲ. ಬೇವಿನ ಹಿಂಡಿ ಕಹಿ, ನಾಯಿ ಮೂಸಿ ಬಿಡುತ್ತೆ. ಹರಳು ಹಿಂಡಿಗೆ ಆ ಕಹಿ ಇಲ್ಲ. ಅದರ ಜೊತೆ ಗುಲಾಬಿಗೆ ಅಂತ ಮೂಳೆ ಪುಡಿ ಬೆರೆಸಿದ್ರಂತೂ ಮುಗೀತು, ಮೂಳೆ ವಾಸನೆಗೆ ನಾಯಿ ಬುಡ ಕೆದಕಿ ಹಿಂಡಿ ಸಮೇತ ತಿನ್ನುತ್ತೆ. ಲ್ಯಾಬ್ರಡಾರ್ ಅಂದ್ರೆ ಕೇಳೋದೇ ಬೇಡ.

ಮೋಸ ಏನಂದ್ರೆ ತಿಂದ ಕೂಡಲೇ ಏನೂ ಕಾಣಲ್ಲ. ಸಾಮಾನ್ಯವಾಗಿ 6 ಗಂಟೆ ಮೇಲೆ, ಕೆಲವು ಸಲ ಮಾರನೇ ದಿನ ಶುರು: ವಾಂತಿ, ಹೊಟ್ಟೆನೋವಿಗೆ ಬೆನ್ನು ಬಾಗಿಸಿ ನಿಲ್ಲೋದು, ರಕ್ತಭೇದಿ. 'ನಿನ್ನೆ ಗೊಬ್ಬರ ಹಾಕಿದ್ವಿ' ಅನ್ನೋದು ಯಾರಿಗೂ ನೆನಪಾಗಲ್ಲ, ಪಾರ್ವೋ (ಮರಿಗಳಿಗೆ ವೈರಸ್‌ನಿಂದ ಬರೋ ವಾಂತಿ-ರಕ್ತಭೇದಿ ರೋಗ) ಅಂದ್ಕೊಂಡು ಕೂತುಬಿಡ್ತಾರೆ. ಡಾಕ್ಟರಿಗೆ ಈ ಮಾತು ಹೇಳಲೇಬೇಕು. ಅಂಗಳದ ಗಿಡಗಳಿಗೆ ಹರಳು ಹಿಂಡಿ ಬಿಟ್ಟೇಬಿಡಿ, ಬೇವಿನ ಹಿಂಡಿ, ಕೊಳೆತ ಸಗಣಿ ಗೊಬ್ಬರ ಸಾಕು. ತೋಟಕ್ಕೆ ತರಿಸಿದ್ದನ್ನು ಬಾಗಿಲು ಹಾಕೋ ಗೋಡೌನಿನಲ್ಲಿ, ಅಟ್ಟಣಿಗೆ ಮೇಲಿಡಿ. ಬೇಲಿಯಲ್ಲಿ ಹರಳು ಗಿಡ ಇದ್ರೆ ಗೊನೆ ಬಲಿಯೋ ಮುಂಚೆ ಕಡಿದು ಹಾಕಿ.

ಇನ್ನು ಕಾಫಿ. ಹಣ್ಣಿನ ಸಿಪ್ಪೆ ಸಿಹಿ, ಮರಿಗಳು ಕಣದಲ್ಲಿ ಕೂತು ಅಗಿಯುತ್ತವೆ. ಒಂದೆರಡು ಹಣ್ಣಿಗೆ ಗಾಬರಿ ಬೇಡ. ಪುಡಿ ಡಬ್ಬಿ, ಫಿಲ್ಟರಿನ ಚರಟ ಹುಷಾರು. ಲೆಕ್ಕ ಹೀಗೆ: ಚಿಕೋರಿ ಇಲ್ಲದ ರೊಬಸ್ಟಾ ಪುಡಿಯಲ್ಲಿ ನೂರಕ್ಕೆ ಸುಮಾರು 2 ಭಾಗ ಕೆಫೀನ್. 10 ಗ್ರಾಂ ಪುಡಿ ಅಂದ್ರೆ 200 ಮಿಲಿಗ್ರಾಂ. ನಿಮ್ಮ 12 ಕೆ.ಜಿ. ಮರಿಗೆ ಕೆ.ಜಿ.ಗೆ 17 ಮಿಲಿಗ್ರಾಂ ಬಿತ್ತು, ನಿಂತಲ್ಲಿ ನಿಲ್ಲದೆ ಏದುಸಿರು ಬಿಡೋಕೆ ಅಷ್ಟು ಸಾಕು. 50 ಗ್ರಾಂ ಪೊಟ್ಟಣ ಹರಿದು ತಿಂದ್ರೆ ಕೆ.ಜಿ.ಗೆ 80 ದಾಟುತ್ತೆ, ಅದು ಫಿಟ್ಸ್ ಬರೋ ಮಟ್ಟ. ಅರೇಬಿಕಾದಲ್ಲಿ ಹೆಚ್ಚುಕಡಿಮೆ ಅರ್ಧ. ಚರಟದಲ್ಲೂ ಕೆಫೀನ್ ಉಳಿದಿರುತ್ತೆ, ಗುಲಾಬಿ ಬುಡಕ್ಕೆ ಸುರಿಯೋ ಅಭ್ಯಾಸ ಇದ್ರೆ ಮಣ್ಣಲ್ಲಿ ಬೆರೆಸಿ ಮುಚ್ಚಿ.

ಬಸವನಹುಳುವಿಗೆ ಇಡೋ ಮೆಟಾಲ್ಡಿಹೈಡ್ ಗುಳಿಗೆ ಗಿಡವಲ್ಲ, ಆದ್ರೂ ಹೇಳಲೇಬೇಕು. ನಾಯಿ ತಿಂಡಿಯ ಹಾಗೇ ಕಾಣುತ್ತೆ, ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಮೈ ನಡುಕ, ಸುಡೋ ಜ್ವರ. ಬೂಷ್ಟು ಹಿಡಿದ ತಿಪ್ಪೆ ಅನ್ನ ತಿಂದ್ರೂ ಇಂಥದ್ದೇ ನಡುಕ ಬರುತ್ತೆ. ಗುಂಡಿಗೆ ಬೇಲಿ ಹಾಕಿಸಿ.

ಕಪ್ಪು_ಬಿಳಿ_ಬೆಕ್ಕು (ಹಾಸನ)

ಬೆಕ್ಕಿನ ಬಗ್ಗೆ ಯಾರೂ ಬರೆದಿಲ್ಲ, ಆದರೆ ಅದಕ್ಕೆ ಅತಿ ದೊಡ್ಡ ಅಪಾಯ ಅಂಗಳದಲ್ಲಿಲ್ಲ, ಮೇಜಿನ ಮೇಲಿನ ಹೂದಾನಿಯಲ್ಲಿದೆ. ಮದುವೆ, ಗೃಹಪ್ರವೇಶದ ಬೊಕೆಗಳಲ್ಲಿ ಬರುವ ಏಷಿಯಾಟಿಕ್, ಓರಿಯೆಂಟಲ್ ಲಿಲ್ಲಿ. ಡೇ ಲಿಲ್ಲಿಯೂ ಅದೇ ಸಾಲು. ನಾಯಿಗೆ ಇವುಗಳಿಂದ ಹೊಟ್ಟೆ ಕೆಡುತ್ತದೆ ಅಷ್ಟೇ. ಬೆಕ್ಕಿಗೆ ಮೂತ್ರಪಿಂಡವೇ ನಿಂತುಹೋಗುತ್ತದೆ.

ಎಲೆ ತಿನ್ನಲೇಬೇಕೆಂದಿಲ್ಲ. ಹೂವಿನ ನಡುವೆ ಸಣ್ಣ ಕೋಲಿನ ತುದಿಯಲ್ಲಿ ಕಂದು ಪರಾಗ ತೂಗುತ್ತಿರುತ್ತದಲ್ಲ, ಬೆಕ್ಕು ಪಕ್ಕದಲ್ಲಿ ಹಾದುಹೋದರೆ ಭುಜಕ್ಕೋ ಬಾಲಕ್ಕೋ ಅರಿಸಿನ-ಕುಂಕುಮ ಸವರಿದಂತೆ ಅಂಟುತ್ತದೆ. ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತದೆ. ಅಷ್ಟೇ ಸಾಕು. ಹೂದಾನಿಯ ನೀರು ನೆಕ್ಕಿದರೂ ಸಾಕು.

ಮೊದಲ ಕೆಲವು ಗಂಟೆ ವಾಂತಿ, ಜೊಲ್ಲು. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ, ಎಲ್ಲರೂ ಮೋಸಹೋಗುವುದು ಇಲ್ಲೇ. ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡುತ್ತದೆ. 18 ಗಂಟೆಯೊಳಗೆ ಡ್ರಿಪ್ ಶುರುವಾಗಿ ಎರಡು ಮೂರು ದಿನ ನಡೆದರೆ ಉಳಿಯುವ ಅವಕಾಶ ಚೆನ್ನಾಗಿರುತ್ತದೆ. ಮೈ ಮೇಲೆ ಪರಾಗ ಕಂಡರೆ ನೆಕ್ಕಲು ಬಿಡದೆ ಒದ್ದೆ ಬಟ್ಟೆಯಿಂದ ಒರೆಸಿ, ಟವೆಲಿನಲ್ಲಿ ಸುತ್ತಿಕೊಂಡು ಹಾಗೇ ಹೊರಡಿ. ನಾಳೆ ನೋಡೋಣ ಅನ್ನಬೇಡಿ.

ಹೆಸರಿನಲ್ಲಿ ಲಿಲ್ಲಿ ಇದ್ದದ್ದೆಲ್ಲ ಅದಲ್ಲ. ಪೀಸ್ ಲಿಲ್ಲಿ ಕೆಸುವಿನ ಗುಂಪು, ಬಾಯಿ ಉರಿ ಮಾತ್ರ. ಫುಟ್‌ಬಾಲ್ ಲಿಲ್ಲಿ ಗೆಡ್ಡೆ ತಿಂದರೆ ವಾಂತಿ. ಹಾಗೆಯೇ ಮಲ್ಲಿಗೆ ಅಪಾಯವಿಲ್ಲ, ಆದರೆ ರಾತ್ರಿರಾಣಿ ಮಲ್ಲಿಗೆಯ ಜಾತಿಯಲ್ಲ, ಅದು ನಂಜು.

ಬೆಕ್ಕಿಗೆ ಹುಲ್ಲು ಅಗಿಯುವ ಸ್ವಭಾವವಿದೆ. ಅದಕ್ಕೇ ಕುಂಡದ ಎಲೆ ಕಚ್ಚುವುದು. ಒಂದು ಹಿಡಿ ಗೋಧಿ ರಾತ್ರಿ ನೆನೆಸಿ, ಬೆಳಿಗ್ಗೆ ಅಗಲವಾದ ತಟ್ಟೆಯಲ್ಲಿ ಎರಡು ಇಂಚು ಮಣ್ಣು ಹಾಕಿ ಹರಡಿ, ತೆಳುವಾಗಿ ಮುಚ್ಚಿ. 8–10 ದಿನಕ್ಕೆ ನಾಲ್ಕು ಇಂಚು ಬರುತ್ತದೆ. ವಾರಕ್ಕೊಂದು ತಟ್ಟೆ ಬಿತ್ತಿದರೆ ಖಾಲಿಯಾಗುವುದಿಲ್ಲ. ಅಂಗಡಿಯ ಬಿತ್ತನೆ ಬೀಜ ಬೇಡ, ಔಷಧಿ ಲೇಪಿಸಿರುತ್ತಾರೆ. ಜೋಳವೂ ಬೇಡ, ಎಳೆ ಜೋಳದ ಪೈರು ದನಕ್ಕೇ ನಂಜು ಅನ್ನೋದು ಬಯಲುಸೀಮೆಯವರಿಗೆಲ್ಲ ಗೊತ್ತು.

ಅಂಗಳದ_ಗಿಡ

ತುಂಬಾ ಉಪಕಾರ ಆಯ್ತು. ಸೈಕಸ್ ಎರಡನ್ನೂ ನಾಳೆಯೇ ತೆಗೆಸ್ತೀನಿ. ಗೋಡೌನಿನಲ್ಲಿ ಹರಳು ಹಿಂಡಿ ಇದೆ, ಅದು ಪಟ್ಟಿಯಲ್ಲೇ ಇರಲಿಲ್ಲ. ಇನ್ನೊಂದು: ಮನೆಯಲ್ಲಿ ಹಿರಿಯರು ಏನೇ ತಿಂದ್ರೂ ಉಪ್ಪುನೀರು ಕುಡಿಸಿ ವಾಂತಿ ಮಾಡಿಸು, ಇಲ್ಲ ಕೊಬ್ಬರಿ ಎಣ್ಣೆ ಹಾಕು ಅಂತಾರೆ. ಸರಿನಾ?

ಪಶುವೈದ್ಯ_ಮಲೆನಾಡು

ಎರಡೂ ಬೇಡ. ಉಪ್ಪುನೀರು ವಾಂತಿ ತರಿಸದೆ ಹೊಟ್ಟೆಯಲ್ಲೇ ಉಳಿದರೆ ರಕ್ತದಲ್ಲಿ ಸೋಡಿಯಂ ಏರಿ ಅದೇ ಫಿಟ್ಸ್ ತರುತ್ತದೆ. ನಂಜಿಗಿಂತ ಉಪ್ಪಿಗೆ ಹೋದ ಮರಿಗಳಿವೆ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಗಂಟಲಿಗೆ ಬೆರಳು ಹಾಕುವುದೂ ಬೇಡ.

ಮೊದಲ ಐದು ನಿಮಿಷದ ಕೆಲಸ ಇಷ್ಟೇ. ಬಾಯಲ್ಲಿ ಉಳಿದ ಚೂರನ್ನು ತೆಗೆಯಿರಿ, ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಒರೆಸಿ. ತಿಂದ ಗಿಡದ ಒಂದು ರೆಂಬೆ, ಕಾಯಿ ಇದ್ದರೆ ಕಾಯಿ ಸಮೇತ, ಕವರಿಗೆ ಹಾಕಿಕೊಳ್ಳಿ. ವಾಂತಿ ಮಾಡಿದ್ದರೆ ಅದನ್ನೂ ಬೇರೆ ಕವರಿನಲ್ಲಿ. ಎಷ್ಟು ಹೊತ್ತಿಗೆ, ಎಷ್ಟು ತಿಂದಿತು, ತೂಕವೆಷ್ಟು ಎಂದು ಬರೆದುಕೊಂಡು ಫೋನ್ ಮಾಡಿ. ಫೋನ್ ಮಾಡುತ್ತಲೇ ಗಾಡಿ ಹೊರಡಿಸಿ, ಲಕ್ಷಣ ಕಾಣಲಿ ಎಂದು ಕಾಯಬೇಡಿ. ಸೈಕಸ್, ಹರಳು, ಲಿಲ್ಲಿ ಮೂರರಲ್ಲೂ ಗೆಲ್ಲುವ ಸಮಯ ಲಕ್ಷಣಕ್ಕಿಂತ ಮುಂಚಿನದು.

ವಾಂತಿ ಮಾಡಿಸುವುದು ನಮ್ಮ ಕೈಯಲ್ಲಿ ಇಂಜೆಕ್ಷನ್ನಿನಿಂದ ಆಗಬೇಕಾದ ಕೆಲಸ. ದಾರಿ ದೂರ ಎಂದಾಗ ಕೆಲವೊಮ್ಮೆ ಫೋನಿನಲ್ಲೇ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಲು ಹೇಳುತ್ತೇವೆ. ಅದು ಶೇ 3ರ ದ್ರಾವಣ, ನಾಯಿಯ ಪ್ರತಿ ಕೆ.ಜಿ.ಗೆ ಸುಮಾರು 2 ಮಿ.ಲೀ., ಎಷ್ಟೇ ದೊಡ್ಡ ನಾಯಿಗೂ 45 ಮಿ.ಲೀ. ಮೀರದಂತೆ. ನಿಮ್ಮ ಮರಿಗೆ 25 ಮಿ.ಲೀ. ಒಳಗೆ. ನಮ್ಮ ಮೆಡಿಕಲ್ ಶಾಪಿನಲ್ಲಿ ಸಿಗುವ ಬಾಟಲಿ ಸಾಮಾನ್ಯವಾಗಿ ಶೇ 6ರದ್ದು, ಸಮ ಪ್ರಮಾಣದ ನೀರು ಬೆರೆಸದೆ ಕುಡಿಸಿದರೆ ಹೊಟ್ಟೆಯ ಒಳಪದರ ಸುಡುತ್ತದೆ. ಇದು ತಿಂದು ಒಂದೆರಡು ಗಂಟೆಯೊಳಗೆ, ನಾಯಿ ಪೂರ್ತಿ ಎಚ್ಚರವಾಗಿದ್ದಾಗ, ವೈದ್ಯರು ಹೇಳಿದರೆ ಮಾತ್ರ. ತೂಕಡಿಸುತ್ತಿದ್ದರೆ, ನಡುಗುತ್ತಿದ್ದರೆ, ಎಕ್ಕದ ಹಾಲಿನಂಥ ಸುಡುವ ವಸ್ತು ತಿಂದಿದ್ದರೆ ಯಾವ ಕಾರಣಕ್ಕೂ ಇಲ್ಲ. ಬೆಕ್ಕಿಗೆ ಎಂದೆಂದಿಗೂ ಇಲ್ಲ.

ಇದ್ದಿಲಿನ ಮಾತ್ರೆ ಮನೆಯಲ್ಲಿಟ್ಟುಕೊಂಡಿದ್ದೇವೆ ಎನ್ನುವವರು ಲೆಕ್ಕ ನೋಡಿ: ಸಕ್ರಿಯ ಇದ್ದಿಲು ಕೆ.ಜಿ.ಗೆ 1ರಿಂದ 2 ಗ್ರಾಂ ಬೇಕು. 12 ಕೆ.ಜಿ. ಮರಿಗೆ ಕನಿಷ್ಠ 12 ಗ್ರಾಂ, ಅಂದರೆ 250 ಮಿಲಿಗ್ರಾಂ ಮಾತ್ರೆ 48. ಎರಡು ಮಾತ್ರೆಯಿಂದ ಏನೂ ಆಗದು. ಒಲೆಯ ಇದ್ದಿಲು ಕುಟ್ಟಿ ಕೊಟ್ಟರೂ ಪ್ರಯೋಜನವಿಲ್ಲ.

ಕೆಸುವಿನ ಗುಂಪಿಗೆ ಮಾತ್ರ ಮನೆಮದ್ದು ನಡೆಯುತ್ತದೆ. ಬಾಯಿ ತೊಳೆದು, ಒಂದೆರಡು ಚಮಚ ಮೊಸರು ನೆಕ್ಕಿಸಿ. ನಾಲಿಗೆ ಊದಿ ಉಸಿರಿಗೆ ಗೊರಗೊರ ಶಬ್ದ ಬಂದರೆ ತಕ್ಷಣ ಬನ್ನಿ.

ಕಣಗಿಲೆಯ ಅನುಮಾನವಿದ್ದರೆ ದಾರಿಯಲ್ಲಿ ಒಬ್ಬರು ಹಿಂಗಾಲಿನ ತೊಡೆಯ ಒಳಬದಿಯಲ್ಲಿ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. 60ಕ್ಕಿಂತ ಕೆಳಗಿದ್ದರೆ, ಅಥವಾ ಎರಡು ಬಡಿದು ಒಂದು ತಪ್ಪುತ್ತಿದ್ದರೆ ಬಂದ ಕೂಡಲೇ ಅದನ್ನೇ ಮೊದಲು ಹೇಳಿ. ಓಡಿಸಬೇಡಿ, ಎತ್ತಿಕೊಂಡೇ ಬನ್ನಿ.

ನಿಮ್ಮ ಕಡೆಯಿಂದ ಸ್ಥಳೀಯ ಪಶು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡು, ರಕ್ತಪರೀಕ್ಷೆ, ಇಸಿಜಿ ಬೇಕಾದರೆ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಯ್ಯುವುದು ಒಳ್ಳೆಯದು. ಹೊರಡುವ ಮುನ್ನ ಕರೆ ಮಾಡಿ ಆ ಹೊತ್ತಿಗೆ ಯಾರಿದ್ದಾರೆ ಕೇಳಿ. 1962ಕ್ಕೆ ಕರೆ ಮಾಡಿದರೆ ಪಶುಸಂಜೀವಿನಿಯ ವಾಹನ ಸಿಗಬಹುದು, ದನಕರುಗಳಿಗೆ ಅದು ಬಹಳ ಉಪಯೋಗ. ಆದರೆ 12 ಕೆ.ಜಿ. ಮರಿಯನ್ನು ನಿಮ್ಮ ಗಾಡಿಯಲ್ಲೇ ತರುವುದು ಬೇಗ.

ನೊರೆ ಬಂದದ್ದೆಲ್ಲ ಗಿಡದಿಂದಲ್ಲ ಎಂಬುದೂ ನೆನಪಿರಲಿ. ಮಳೆಗಾಲದ ರಾತ್ರಿ ನೆಲಗಪ್ಪೆಯನ್ನು ಕಚ್ಚಿದ ನಾಯಿಗೂ ಹೀಗೇ ನೊರೆ. ಬಾಯಿಯನ್ನು ಮುಂದಕ್ಕೆ ಬಗ್ಗಿಸಿ ಹತ್ತು ನಿಮಿಷ ನೀರು ಹರಿಸಿ ತೊಳೆದರೆ ಬಹುತೇಕ ಇಳಿಯುತ್ತದೆ. ಮುಖ ಅಥವಾ ಕಾಲು ಊದಿ, ಮರಿ ಕುಸಿದರೆ ಹಾವಿನ ಕಡಿತ ಎಂದೇ ತಿಳಿದು ಹೊರಡಿ.

ಅಂಗಳದ_ಗಿಡ

ಬರೆದಿಟ್ಟುಕೊಂಡೆ ಸರ್. ಕಣಗಿಲೆ ಸಾಲು ಹೋದ ಜಾಗಕ್ಕೆ ಏನು ಹಾಕಲಿ? ಗೇಟಿನ ಪಕ್ಕಕ್ಕೂ ಏನಾದ್ರೂ ಬೇಕು. ಯಾರೋ ಡುರಾಂಟಾ ಬೇಲಿ ಹಾಕಿ ಅಂದ್ರು.

ನರ್ಸರಿ_ಬೇಲೂರು

ಡುರಾಂಟಾ ಬೇಡ, ಹಳದಿ ಗೊಂಚಲು ಕಾಯಿ ನಾಯಿಗೆ ನಂಜು. ಬೇಲಿಗೆ ನಾಟಿ ಕೆಂಪು ದಾಸವಾಳ ಹಾಕಿ: ಎರಡೂವರೆ ಅಡಿಗೊಂದು ಕಡ್ಡಿ, ಜೂನ್ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ್ದು, ಮೂರು ಗೆಣ್ಣು ಮಣ್ಣೊಳಗೆ. ಒಂದೇ ವರ್ಷಕ್ಕೆ ಎದೆಮಟ್ಟ ಬರುತ್ತದೆ, ಪೂಜೆಗೂ ಆಯಿತು. ಗೇಟಿನ ಪಕ್ಕ ಸೈಕಸ್ ಇದ್ದ ಜಾಗಕ್ಕೆ ಅರೆಕಾ ಪಾಮ್. ವರಾಂಡಕ್ಕೆ ಬಾಸ್ಟನ್ ಫರ್ನ್, ಸ್ಪೈಡರ್ ಪ್ಲಾಂಟ್. ಬೆಕ್ಕು ಕಚ್ಚಿದರೂ ಚಿಂತೆಯಿಲ್ಲ. ಕುಂಡಕ್ಕೆ ಜರ್ಬೆರಾ, ಜಿನಿಯಾ, ಗುಲಾಬಿ. ಆಂಥೂರಿಯಂ ನೆರಳುಮನೆಗೆ ಬಾಗಿಲು ಸಾಕು, ಕೆಳಗಿನ ಎರಡಡಿಗೆ ಮಾತ್ರ ಕೋಳಿ ಮೆಶ್ ಬಿಗಿಯಿರಿ. ಕತ್ತರಿಸಿದ ಎಲೆ-ತೊಟ್ಟು ನೆಲಕ್ಕೆ ಬೀಳದಂತೆ ಬುಟ್ಟಿ ಇಟ್ಟುಕೊಳ್ಳಿ.

ಸೈಕಸ್ ಅಗೆದ ಗುಂಡಿಯ ಮಣ್ಣನ್ನು ಒಮ್ಮೆ ಜರಡಿ ಹಿಡಿಸಿ. ಹಳೇ ಬೀಜ ಮಣ್ಣಲ್ಲಿ ಉಳಿದಿರುತ್ತವೆ, ಬಣ್ಣ ಹೋಗಿ ಬರೀ ಕಲ್ಲಿನಂತೆ ಕಾಣುತ್ತವೆ.